ನಮ್ಮಜ್ಜಿ ಹೇಳಿದ ಹಂಚಿ ಕಥೆ ಸಿಂಡ್ರೆಲಾ ಕಥೆಯ ನಕಲಾ?

ಪ್ರಶ್ನೆ: ನಾನು ಚಿಕ್ಕವಳಿದ್ದಾಗ ದಾವಣಗೆರೆ ಕಡೆಯ ನಮ್ಮಜ್ಜಿ ಹಂಚಿ ಅನ್ನುವ ಹುಡುಗಿಯ ಕಥೆ ಹೇಳುತ್ತಿದ್ದರು. ಚಿನ್ನದ ಕೂದಲಿನ ಹುಡುಗಿ, ಮುಖಕ್ಕೆ ಮಣ್ಣಿನ ಮುಖವಾಡ. ಚೆನ್ನಾಗಿ ಸಿಹಿ ಅಡುಗೆ ಮಾಡುತ್ತಿದ್ದಳು ಅಂತ ನೆನಪು, ಕೊನೆ ಮರೆತುಹೋಗಿದೆ. ನಾವೀಗ ಪುಣೆಯಲ್ಲಿದ್ದೇವೆ. ಮೊನ್ನೆ ಮಗಳಿಗೆ ಅದನ್ನು ಹೇಳಹೊರಟರೆ, ‘ಅಮ್ಮಾ ಇದು ಸಿಂಡ್ರೆಲಾ ಅಲ್ವಾ?’ ಅಂದಳು. ಅಜ್ಜಿಯ ಕಥೆ ಎಲ್ಲಿಂದಲೋ ಬಂದ ನಕಲಾ? ಎಲ್ಲ ಕಥೆಗಳಲ್ಲೂ ಅದೇ ಮುದುಕಿ, ಅದೇ ಕಿರಿಯ ಮಗ, ಅದೇ ರಾಕ್ಷಸ ಯಾಕೆ ಬರುತ್ತಾರೆ? ಎಲ್ಲ ಮನುಷ್ಯರ ಮನಸ್ಸಿನಲ್ಲೂ ಒಂದೇ ಮೂಲರೂಪಗಳಿವೆ, ಅದಕ್ಕೇ ಹೀಗೆ ಅಂತ ಒಂದು ಭಾಷಣದಲ್ಲಿ ಕೇಳಿದೆ. ನಿಜವಾ? ಇನ್ನೊಂದು, ಇಂಥ ಕಥೆಗಳಲ್ಲಿನ ಭಯದ ಭಾಗಗಳನ್ನು ಎಂಟು ವರ್ಷದ ಮಗುವಿಗೆ ಹೇಳಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮಜ್ಜಿಯ ಹಂಚಿ ಯಾರ ನಕಲೂ ಅಲ್ಲ. ಆದರೆ ನಿಮ್ಮ ಮಗಳು ಹೇಳಿದ್ದೂ ತಪ್ಪಲ್ಲ. ಅವಳಿಗೆ ಕಂಡ ಹೋಲಿಕೆ ನಿಜವಾಗಿಯೂ ಇದೆ. ಹಂಚಿ, ಸಿಂಡ್ರೆಲಾ ಇಬ್ಬರೂ ದೂರದ ಅಕ್ಕತಂಗಿಯರು. ಹಾಗಂತ ಒಬ್ಬಳು ಇನ್ನೊಬ್ಬಳ ಸೀರೆ ಕದ್ದು ಉಟ್ಟುಕೊಂಡಿದ್ದಾಳೆ ಅಂತ ಅರ್ಥವಲ್ಲ.

ಗಾಜಿನ ಚಪ್ಪಲಿಯ ಸಿಂಡ್ರೆಲಾ ಎಲ್ಲರಿಗೂ ಗೊತ್ತು. ಅದು ಫ್ರಾನ್ಸಿನಲ್ಲಿ 1697ರಲ್ಲಿ ಶಾರ್ಲ್ ಪೆರೋ ಬರೆದು ಅಚ್ಚು ಹಾಕಿಸಿದ ರೂಪ. ಅದಕ್ಕೂ ಎಂಟುನೂರು ವರ್ಷ ಮೊದಲು, ಒಂಬತ್ತನೇ ಶತಮಾನದಲ್ಲೇ, ಚೀನಾದ ಒಬ್ಬ ಬರಹಗಾರ ಇಂಥದ್ದೇ ಒಂದು ಕಥೆ ಬರೆದಿಟ್ಟಿದ್ದಾನೆ. ಅಲ್ಲಿ ಮಲತಾಯಿ ಇದ್ದಾಳೆ, ಹುಡುಗಿಗೆ ನೆರವಾಗುವ ಮೀನಿದೆ, ಕಳೆದುಹೋಗುವ ಚಿನ್ನದ ಚಪ್ಪಲಿ ಇದೆ. 1893ರಲ್ಲಿ ಮೇರಿಯನ್ ಕಾಕ್ಸ್ ಎಂಬ ಇಂಗ್ಲಿಷ್ ವಿದ್ವಾಂಸೆ ಕೂತು ಎಣಿಸಿದಾಗ ಈ ಬಳಗದ 345 ರೂಪಗಳು ಸಿಕ್ಕವು. ಆಮೇಲೆ ಸಿಕ್ಕಿದ್ದು ಇನ್ನೂ ಜಾಸ್ತಿ. ಹೀಗಿರುವಾಗ ಮೂಲ ಯಾರದು ಅಂತ ಕೇಳುವುದು, ಕೆರೆಯ ನೀರು ತೋರಿಸಿ ಇದು ಯಾವ ಮಳೆಯದ್ದು ಅಂತ ಕೇಳಿದ ಹಾಗೆ.

ಕಥೆಗಳು ಹೇಗೆ ಓಡಾಡುತ್ತವೆ ಅನ್ನುವುದಕ್ಕೆ ವ್ಯಾಪಾರಿಗಳು, ಸೈನಿಕರು, ಯಾತ್ರಿಕರು ಅಂತ ಪುಸ್ತಕಗಳಲ್ಲಿ ಬರೆಯುತ್ತಾರೆ. ಸರಿಯೇ. ಆದರೆ ನಮ್ಮ ಕಡೆ ಕಥೆಯನ್ನು ಅತಿ ಹೆಚ್ಚು ಹೊತ್ತವರು ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅಂತ ನನ್ನ ನಂಬಿಕೆ. ಬಳ್ಳಾರಿ, ಕೋಲಾರ, ಬೀದರ್, ಬೆಳಗಾವಿ ಕಡೆಯ ಎಷ್ಟೋ ಮನೆಗಳಲ್ಲಿ ಸೊಸೆಯ ತವರಿನ ಭಾಷೆ ಬೇರೆ, ಗಂಡನ ಮನೆಯ ಭಾಷೆ ಬೇರೆ. ಅವಳು ಟ್ರಂಕಿನ ಜೊತೆ ಕಥೆಯನ್ನೂ ತರುತ್ತಾಳೆ. ತೆಲುಗಿನಲ್ಲಿ ಕೇಳಿದ್ದನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಾಳೆ. ಅದನ್ನು ಯಾರೂ ಅನುವಾದ ಅಂತ ಕರೆಯುವುದಿಲ್ಲ, ಅಷ್ಟೇ.

ಈಗ ಹಂಚಿಗೆ ಬರೋಣ. ಈ ಕಥೆಯನ್ನು ಕನ್ನಡದಲ್ಲಿ ಸಂಗ್ರಹಿಸಿ, ಅದರ ಬಗ್ಗೆ ಆಳವಾಗಿ ಬರೆದವರು ಎ.ಕೆ. ರಾಮಾನುಜನ್. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಮೇಷ್ಟ್ರಾಗಿ, ಆಮೇಲೆ ಶಿಕಾಗೋದಲ್ಲಿ ಪಾಠ ಮಾಡಿದವರು. ನೀವು ಕೊನೆ ಮರೆತಿದ್ದೀರಿ ಅಂದಿರಲ್ಲ, ಅವರು ಸಂಗ್ರಹಿಸಿದ ರೂಪವನ್ನು ಚಿಕ್ಕದಾಗಿ ಹೇಳುತ್ತೇನೆ.

ಒಬ್ಬ ಮುದುಕಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳಿಗೆ ಚಿನ್ನದ ಕೂದಲು. ಒಂದು ದಿನ ಅಣ್ಣನ ಕಣ್ಣು ಆ ಕೂದಲಿನ ಮೇಲೆ ಬೀಳುತ್ತದೆ. ಅಮ್ಮನ ಹತ್ತಿರ ಹೋಗಿ, ತಂಗಿಯನ್ನು ನನಗೇ ಮದುವೆ ಮಾಡಿಕೊಡು ಅನ್ನುತ್ತಾನೆ. ತಾಯಿಗೆ ಎದೆ ಒಡೆದುಹೋಗುತ್ತದೆ, ಆದರೆ ತೋರಿಸಿಕೊಳ್ಳುವುದಿಲ್ಲ. ಮದುವೆಗೆ ಅಕ್ಕಿ ಬೇಳೆ ತಾ ಅಂತ ಅವನನ್ನು ಪೇಟೆಗೆ ಕಳಿಸುತ್ತಾಳೆ. ಅವನು ಆಚೆ ಹೋದದ್ದೇ ತಡ, ಕುಂಬಾರನ ಹತ್ತಿರ ಓಡಿ ಮಗಳ ಮುಖಕ್ಕೆ ಸರಿಹೊಂದುವ ಮಣ್ಣಿನ ಮುಖವಾಡ ಮಾಡಿಸುತ್ತಾಳೆ. ಅದೇ ರಾತ್ರಿ ಮಗಳನ್ನು ಮನೆ ಬಿಡಿಸುತ್ತಾಳೆ. ಒಳ್ಳೆಯ ಕಾಲ ಬರುವ ತನಕ ಇದನ್ನು ತೆಗೆಯಬೇಡ ಅನ್ನುತ್ತಾಳೆ. ಮಗಳು ಹೋದ ಮೇಲೆ ತಾಯಿ ಬದುಕಿ ಉಳಿಯುವುದಿಲ್ಲ. ಹುಡುಗಿ ಊರೂರು ಅಲೆದು ಒಬ್ಬ ಸಾಹುಕಾರನ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಹಂಚಿನಂಥ ಮುಖ, ಅದಕ್ಕೇ ಹಂಚಿ ಅಂತ ಹೆಸರು. ಒಂದು ದಿನ ಎಲ್ಲರೂ ತೋಟದ ಊಟಕ್ಕೆ ಹೋದಾಗ ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಮುಖವಾಡ ತೆಗೆದು ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಳ್ಳುತ್ತಾಳೆ. ಸಾಹುಕಾರನ ಕಿರಿಮಗ ನೋಡಿಬಿಡುತ್ತಾನೆ. ಮದುವೆಯಾಗುತ್ತದೆ.

ಸಿಂಡ್ರೆಲಾ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಹಂಚಿಯ ಕಥೆ ಮುಗಿಯುವುದಿಲ್ಲ. ಆ ಮನೆಗೆ ಬಂದುಹೋಗುವ ಒಬ್ಬ ಗುರು ಇದ್ದಾನೆ, ಎಲ್ಲರೂ ಅವನ ಕಾಲಿಗೆ ಬೀಳುತ್ತಾರೆ. ಅವನ ಕಣ್ಣು ಇವಳ ಮೇಲೆ. ಮಂತ್ರ ಮಾಟ ಎಲ್ಲ ಮಾಡಿ ಸೋತಾಗ, ಇವಳ ನಡತೆ ಸರಿಯಿಲ್ಲ ಅಂತ ಸುಳ್ಳು ಹೊರಿಸುತ್ತಾನೆ. ಮನೆಯವರು ನಂಬುತ್ತಾರೆ. ಇವಳನ್ನು ಪೆಟ್ಟಿಗೆಯಲ್ಲಿ ಹಾಕಿ ಅವನ ಕೈಗೆ ಕೊಡುತ್ತಾರೆ. ಅವನು ಪೆಟ್ಟಿಗೆಯನ್ನು ಊರಾಚೆಯ ಒಬ್ಬ ಅಜ್ಜಿಯ ಮನೆಯಲ್ಲಿಟ್ಟು ಹೋದಾಗ, ಒಳಗಿನ ಸದ್ದು ಕೇಳಿ ಅಜ್ಜಿ ತೆಗೆಯುತ್ತಾಳೆ. ಹುಡುಗಿಯನ್ನು ಬಿಡಿಸಿ, ಅವಳ ಜಾಗದಲ್ಲಿ ಹುಚ್ಚುನಾಯಿ ಕೂಡಿಸುತ್ತಾಳೆ. ಗುರು ಆಸೆಯಿಂದ ಪೆಟ್ಟಿಗೆ ತೆಗೆದವನು ನಾಯಿಯ ಬಾಯಿಗೆ ಬೀಳುತ್ತಾನೆ. ಆಮೇಲೆ ಒಂದು ದಿನ ಅಜ್ಜಿ ಸಾಹುಕಾರನ ಮನೆಯವರನ್ನೆಲ್ಲ ಊಟಕ್ಕೆ ಕರೆಯುತ್ತಾಳೆ. ಅಡುಗೆ ಮಾಡಿದವಳು ಹಂಚಿ. ಎಲೆಗೆ ಸಿಹಿ ಬಿದ್ದಾಗ ಗಂಡನಿಗೆ ಇದು ಯಾರ ಕೈಯ ರುಚಿ ಅಂತ ಗೊತ್ತಾಗುತ್ತದೆ.

ಚಪ್ಪಲಿ ಇಲ್ಲ. ಮಲತಾಯಿ ಇಲ್ಲ. ಗುರುತು ಸಿಗುವುದು ಕಾಲಿನ ಅಳತೆಯಿಂದಲ್ಲ, ಕೈರುಚಿಯಿಂದ. ಅಪಾಯ ಮೊದಲು ಬರುವುದು ತನ್ನ ಮನೆಯೊಳಗಿಂದ, ಎರಡನೇ ಸಲ ಎಲ್ಲರೂ ಕೈಮುಗಿಯುವ ಜಾಗದಿಂದ. ಇದನ್ನು ಒಲೆಯ ಮುಂದೆ ಕೂತು ಒಬ್ಬ ಅಜ್ಜಿ ಮೊಮ್ಮಗಳಿಗೆ ಹೇಳುತ್ತಿದ್ದಳು ಅಂದರೆ ಏನು ಹೇಳುತ್ತಿದ್ದಳು ಅಂತ ಸ್ವಲ್ಪ ಯೋಚನೆ ಮಾಡಿ.

ವಿದ್ವಾಂಸರು ಇಂಥ ಕಥೆಗಳಿಗೆ ನಂಬರ್ ಕೊಟ್ಟಿದ್ದಾರೆ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಶುರು ಮಾಡಿದ ಪಟ್ಟಿ ಅದು. ಅಮೆರಿಕದ ಸ್ಟಿತ್ ಥಾಂಪ್ಸನ್ ಬೆಳೆಸಿದರು, 2004ರಲ್ಲಿ ಜರ್ಮನಿಯ ಊಥರ್ ಮತ್ತೆ ತಿದ್ದಿದರು. ಅದರಲ್ಲಿ 510 ಅಂದರೆ ಈ ಅಕ್ಕತಂಗಿಯರ ಮನೆ. ‘510 ಎ’ ಚಪ್ಪಲಿಯ ಸಿಂಡ್ರೆಲಾ. ‘510 ಬಿ’ ಅಂದರೆ ಮನೆಯ ಗಂಡಸೇ ಕಣ್ಣು ಹಾಕಿದ್ದರಿಂದ ವೇಷ ಮರೆಸಿಕೊಂಡು ಓಡಿದ ಹುಡುಗಿ. ಹಂಚಿ ಈ ಎರಡನೇ ಕೋಣೆಯವಳು. ಪೆಟ್ಟಿಗೆ, ಕಪಟ ಗುರು, ನಾಯಿ, ಇದು 896 ಅನ್ನುವ ಬೇರೆಯೇ ಕಥೆ. ನಮ್ಮ ಹೆಣ್ಣುಮಕ್ಕಳು ಎರಡನ್ನೂ ಹೊಲಿದು ಒಂದೇ ಕಥೆ ಮಾಡಿದ್ದಾರೆ. ಹೊಲಿಗೆ ಎಲ್ಲಿದೆ ಅಂತ ಕೇಳುವಾಗ ಗೊತ್ತೂ ಆಗುವುದಿಲ್ಲ. ಸುಮ್ನೆ ಅಂಟಿಸಿದ್ದಲ್ಲ ಅದು. ಮದುವೆ ಆದ ತಕ್ಷಣ ಹೆಣ್ಣಿನ ಕಷ್ಟ ತೀರಿತು ಅಂತ ಅವರಿಗೆ ಅನ್ನಿಸಲಿಲ್ಲ, ಅದಕ್ಕೇ ಕಥೆಯನ್ನು ಮುಂದುವರಿಸಿದರು.

ನಿಮ್ಮ ದೊಡ್ಡ ಪ್ರಶ್ನೆ, ಮೂಲರೂಪದ್ದು. ಎಲ್ಲ ಮನುಷ್ಯರ ಮನಸ್ಸಿನ ತಳದಲ್ಲಿ ಕೆಲವು ಚಿತ್ರಗಳು ಒಂದೇ ತರ ಇರುತ್ತವೆ, ಜ್ಞಾನಿ ಮುದುಕ, ಮಹಾತಾಯಿ, ನೆರಳು, ಹೀಗೆ ಅಂತ ಹೇಳಿದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. ನೀವು ಕೇಳಿದ ಭಾಷಣದ ಬೇರು ಅಲ್ಲಿದೆ. ಇದಕ್ಕಿಂತ ಬೇರೆ ದಾರಿ ಹಿಡಿದವರು ರಷ್ಯಾದ ವ್ಲಾದಿಮಿರ್ ಪ್ರಾಪ್. ಅವರು 1928ರಲ್ಲಿ ನೂರು ರಷ್ಯನ್ ಅದ್ಭುತ ಕಥೆಗಳನ್ನು ಬಿಚ್ಚಿ ನೋಡಿ, ಪಾತ್ರ ಯಾರಾದರೂ ಆಗಲಿ ಕಥೆಯಲ್ಲಿ ನಡೆಯುವ ಕೆಲಸಗಳು 31 ಮಾತ್ರ, ಅವು ಬರುವ ಕ್ರಮವೂ ಒಂದೇ ಅಂತ ತೋರಿಸಿದರು. ಮನೆಯಿಂದ ಒಬ್ಬರು ಹೊರಡುತ್ತಾರೆ, ಬೇಡ ಅಂದದ್ದನ್ನು ಮಾಡುತ್ತಾರೆ, ಕೇಡಿ ಬರುತ್ತಾನೆ, ದಾರಿಯಲ್ಲಿ ಒಬ್ಬರು ಪರೀಕ್ಷೆ ಮಾಡಿ ಮಾಯದ ವಸ್ತು ಕೊಡುತ್ತಾರೆ, ಹೀಗೆ. ನನಗೆ ಪ್ರಾಪ್ ಜಾಸ್ತಿ ಉಪಯೋಗಕ್ಕೆ ಬಂದಿದ್ದಾರೆ. ಯೂಂಗ್ ಹೇಳುವುದನ್ನು ಸುಳ್ಳು ಅನ್ನುವುದಿಲ್ಲ. ಆದರೆ ‘ಎಲ್ಲರ ಮನಸ್ಸೂ ಒಂದೇ’ ಅಂದ ಕೂಡಲೇ ಕಥೆ ಹೇಳಿದವಳ ಮುಖ ಮರೆಯಾಗಿಬಿಡುತ್ತದೆ. ಕಣಕ ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ಇರಬಹುದು. ನಾವು ತಿನ್ನುವುದು ಹೂರಣಕ್ಕಾಗಿ, ಅಲ್ವಾ?

ಒಂದು ಪಾತ್ರ ತೆಗೆದುಕೊಳ್ಳೋಣ. ನೀವು ‘ಅದೇ ಮುದುಕಿ’ ಅಂದಿರಿ. ನಮ್ಮಲ್ಲಿ ಅವಳಿಗೆ ಹೆಸರೇ ಇದೆ, ಅಡಗೂಲಜ್ಜಿ. ಅಡು, ಕೂಳು, ಅಜ್ಜಿ, ಈ ಮೂರು ಸೇರಿ ಆದ ಹೆಸರು. ದಾರಿಹೋಕರಿಗೆ ಕೂಳು ಅಟ್ಟು ಹಾಕುವ ಅಜ್ಜಿ. ರಾಜಕುಮಾರ ಏಳು ಊರು ದಾಟಿ ಬರುತ್ತಾನೆ, ಸಂಜೆಯಾಗುತ್ತದೆ, ಊರ ಅಂಚಿನಲ್ಲಿ ಒಂದು ಗುಡಿಸಲು, ಅಲ್ಲಿ ದೀಪ. ಅವಳಿಗೆ ಯಾರೂ ಇಲ್ಲ. ಬಂದವರೆಲ್ಲ ಅವಳಿಗೆ ಮಕ್ಕಳು. ಊರಿನ ಸುದ್ದಿಯೆಲ್ಲ ಅವಳಿಗೆ ಗೊತ್ತು. ಅರಮನೆಗೆ ಹೂವು ಕೊಡುವವಳು ಎಷ್ಟೋ ಸಲ ಅವಳೇ ಆಗಿರುತ್ತಾಳೆ, ಹಾಗಾಗಿ ರಾಜಕುಮಾರಿಯ ಕೋಣೆಗೂ ಅವಳಿಗೆ ದಾರಿ ಇದೆ. ಹಂಚಿಯನ್ನು ಪೆಟ್ಟಿಗೆಯಿಂದ ಬಿಡಿಸಿದವಳೂ ಇವಳ ಬಳಗದವಳೇ.

ಇವಳನ್ನು ‘ಮಹಾತಾಯಿ ಮೂಲರೂಪ’ ಅಂತ ಚೀಟಿ ಅಂಟಿಸಿ ಮುಂದೆ ಹೋಗಬಹುದು. ಆದರೆ ರಷ್ಯನ್ ಕಥೆಗಳಲ್ಲಿ ಕಾಡಿನ ಗುಡಿಸಲಿನ ಮುದುಕಿ ಬಾಬಾ ಯಾಗಾ ಇದ್ದಾಳಲ್ಲ, ಅವಳ ಗುಡಿಸಲು ಕೋಳಿಕಾಲಿನ ಮೇಲೆ ನಿಂತಿರುತ್ತದೆ, ಅವಳು ನೆರವಾಗಲೂಬಹುದು, ತಿಂದುಹಾಕಲೂಬಹುದು. ನಮ್ಮ ಅಡಗೂಲಜ್ಜಿ ಅನ್ನ ಹಾಕುವವಳು. ಅವಳ ಶಕ್ತಿ ಮಾಯೆಯದ್ದಲ್ಲ, ಒಲೆಯದ್ದು. ಗಂಡ ಮಕ್ಕಳಿಲ್ಲದ, ಊರ ಅಂಚಿಗೆ ತಳ್ಳಿಸಿಕೊಂಡ ಹೆಂಗಸು ಕಥೆಯಲ್ಲಿ ಇಡೀ ಊರಿನ ಕೀಲಿಕೈ ಇಟ್ಟುಕೊಂಡವಳಾಗುತ್ತಾಳೆ. ಕಥೆ ಹೇಳುತ್ತಿದ್ದವರಲ್ಲಿ ಎಷ್ಟು ಜನ ಮನೆಯ ಮೂಲೆಯಲ್ಲಿದ್ದ ವಿಧವೆಯರು ಅಂತ ನೆನಪಿಸಿಕೊಂಡರೆ, ಈ ಪಾತ್ರ ಯಾರ ಕಡೆಯಿಂದ ಬಂತು ಅಂತ ಕೇಳಬೇಕಾಗಿಲ್ಲ. ‘ಅಡಗೂಲಜ್ಜಿ ಕಥೆ’ ಅಂತ ನಾವೀಗ ನಂಬಲಾಗದ ಮಾತಿಗೆ ಅನ್ನುತ್ತೇವೆ. ನನಗೆ ಅದು ಬಹಳ ಬೇಸರದ ವಿಷಯ.

ಒಂದೇ ಚೌಕಟ್ಟು ಹೇಗೆ ತಲೆಕೆಳಗಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಕಥೆ ಹೇಳುತ್ತೇನೆ. ಇದು ಮಗಳಿಗಲ್ಲ, ನಿಮಗೆ. ಗ್ರೀಕರ ಈಡಿಪಸ್ ಗೊತ್ತಲ್ಲ, ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದವನು. ರಾಮಾನುಜನ್ 1963ರಲ್ಲಿ ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ಒಬ್ಬ ಹೆಂಗಸಿನ ಬಾಯಿಂದ ಇದೇ ಬಳಗದ ಕಥೆ ಕೇಳಿದರು. ಒಬ್ಬ ಹುಡುಗಿಯ ಹಣೆಯಲ್ಲಿ, ನೀನು ನಿನ್ನ ಮಗನನ್ನೇ ಮದುವೆಯಾಗಿ ಅವನಿಂದ ಮಗು ಹೆರುತ್ತೀಯ ಅಂತ ಬರೆದಿದೆ. ಅವಳು ಅದನ್ನು ತಪ್ಪಿಸಬೇಕು ಅಂತ ಗಂಡಸರ ಸಹವಾಸವೇ ಬೇಡವೆಂದು ಕಾಡು ಸೇರುತ್ತಾಳೆ. ಒಂದು ಮಾವಿನ ಹಣ್ಣು ತಿಂದು ಬಸುರಾಗುತ್ತಾಳೆ. ಹುಟ್ಟಿದ ಗಂಡುಮಗುವನ್ನು ತನ್ನ ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಮಗು ಇನ್ನೆಲ್ಲೋ ಬೆಳೆದು, ಬೇಟೆಗೆ ಬಂದು, ಇವಳನ್ನೇ ಮದುವೆಯಾಗುತ್ತಾನೆ. ಒಂದು ಮಗುವೂ ಆಗುತ್ತದೆ. ಒಂದು ದಿನ ಆ ಸೀರೆಯ ತುಂಡು ಕಣ್ಣಿಗೆ ಬೀಳುತ್ತದೆ. ಅವಳು ಯಾರಿಗೂ ಏನೂ ಹೇಳುವುದಿಲ್ಲ. ರಾತ್ರಿ ತೊಟ್ಟಿಲು ತೂಗುತ್ತಾ ಜೋಗುಳ ಹಾಡುತ್ತಾಳೆ. ಆ ಕೂಸನ್ನು ಮಗನೇ ಅಂತಾಳೆ, ಮೊಮ್ಮಗನೇ ಅಂತಾಳೆ, ಗಂಡನ ತಮ್ಮನೇ ಅಂತಾಳೆ. ಕೂಸು ಮಲಗಿದ ಮೇಲೆ ಸೀರೆಯಿಂದಲೇ ಜೀವ ಕಳೆದುಕೊಳ್ಳುತ್ತಾಳೆ.

ಪಟ್ಟಿಯಲ್ಲಿ ಇದಕ್ಕೂ ಈಡಿಪಸ್‌ಗೂ ಒಂದೇ ನಂಬರ್, 931. ಆದರೆ ಇಲ್ಲಿ ಮಗನಿಗೆ ಏನೂ ಗೊತ್ತಾಗುವುದಿಲ್ಲ. ಅವನು ಯಾರನ್ನೂ ಕೊಲ್ಲುವುದಿಲ್ಲ, ಅವನಿಗೆ ಒಗಟು ಬಿಡಿಸುವ ಜಾಣತನವೂ ಬೇಕಿಲ್ಲ. ಕಥೆ ಪೂರ್ತಿ ತಾಯಿಯದ್ದು. ವಿಧಿಯ ಜೊತೆ ಗುದ್ದಾಡುವವಳು ಅವಳು, ಸತ್ಯ ತಿಳಿಯುವವಳು ಅವಳು, ಬೆಲೆ ಕೊಡುವವಳೂ ಅವಳೇ. ಗಂಡಸರು ಹೇಳಿದ ಕಥೆಗಳನ್ನಷ್ಟೇ ಓದಿ ಮೂಲರೂಪ ಅಂತ ಗೆರೆ ಎಳೆದರೆ ಈ ಹೆಂಗಸಿಗೆ ಅಲ್ಲಿ ಜಾಗವೇ ಇಲ್ಲ. ರಾಮಾನುಜನ್ ಅವರಿಂದ ನಾನು ಕಲಿತ ಅತಿ ದೊಡ್ಡ ಪಾಠ ಇದು: ಕಥೆ ಯಾರದು, ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಮೊದಲು ಕೇಳಬೇಕು. ಈಗ ಎಲ್ಲ ಕಡೆ ಕೇಳಿಬರುವ ‘ವೀರನ ಪಯಣ’ದ ಚಿತ್ರ, ಅಂದರೆ ಮನೆಬಿಟ್ಟು ಹೋಗಿ ಗೆದ್ದು ಬರುವ ಹುಡುಗನ ಚಿತ್ರ, ನಮ್ಮ ಅಡುಗೆಮನೆಯ ಕಥೆಗಳಿಗೆ ಸರಿಯಾಗಿ ಕೂರುವುದಿಲ್ಲ. ರಾಜಕುಮಾರನ ಕಥೆ ಮದುವೆಯಲ್ಲಿ ಮುಗಿಯುತ್ತದೆ. ಹೆಣ್ಣಿನ ಕಥೆ ಎಷ್ಟೋ ಸಲ ಮದುವೆಯಿಂದಲೇ ಶುರುವಾಗುತ್ತದೆ.

ಕಿರಿಯ ಮಗ ಯಾಕೆ ಎಲ್ಲ ಕಡೆ ಅಂತ ಕೇಳಿದಿರಿ. ಮೇಲುನೋಟದ ಉತ್ತರ ಸುಲಭ. ಕಿರಿಯನಿಗೆ ಆಸ್ತಿ ಇಲ್ಲ, ಮಾತಿಗೆ ಬೆಲೆ ಇಲ್ಲ. ಕೇಳುವ ಮಕ್ಕಳೂ ಹಾಗೇ. ಹಾಗಾಗಿ ಅವನು ಗೆದ್ದರೆ ಎಲ್ಲರಿಗೂ ಖುಷಿ. ಆದರೆ ಕಿರಿಯ ಸೊಸೆಯನ್ನು ನೋಡಿ. ‘ಕೆರೆಗೆ ಹಾರ’ ಹಾಡನ್ನು ನೀವು ಶಾಲೆಯಲ್ಲಿ ಓದಿರಬಹುದು. ಹಾರ ಅಂದರೆ ಇಲ್ಲಿ ಹೂಮಾಲೆ ಅಲ್ಲ, ಆಹಾರ, ಬಲಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಹನಿಯೂ ಬರುವುದಿಲ್ಲ. ಶಾಸ್ತ್ರದ ಹೊತ್ತಿಗೆ ತೆಗೆಸಿ ನೋಡಿದರೆ ಸೊಸೆಯನ್ನು ಕೊಡಬೇಕು ಅಂತ ಬರುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು ಅಂತ ಲೆಕ್ಕ ಹಾಕುತ್ತಾರೆ. ಉಳಿದವಳು ಕಿರಿಸೊಸೆ ಭಾಗೀರಥಿ. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಕಥೆಯ ಲೋಕದಲ್ಲಿ ಕಿರಿಮಗ ಗೆಲ್ಲುತ್ತಾನೆ, ಕಿರಿಸೊಸೆಯನ್ನು ಕೆರೆಗೆ ಕೊಡುತ್ತಾರೆ. ‘ಕಿರಿಯರು’ ಅನ್ನುವ ಒಂದೇ ಮೂಲರೂಪ ಎರಡು ಕಡೆ ಎಷ್ಟು ಬೇರೆ ನೋಡಿ.

ಈ ಹಾಡಿಗೂ ದೂರದ ನೆಂಟರಿದ್ದಾರೆ. ಅಲ್ಬೇನಿಯಾ, ಸರ್ಬಿಯಾದ ಜನ ಸ್ಕಾಡರ್ ಕೋಟೆಯ ಹಾಡು ಹೇಳುತ್ತಾರೆ. ಹಗಲು ಕಟ್ಟಿದ ಗೋಡೆ ರಾತ್ರಿ ಬೀಳುತ್ತದೆ. ಮೂವರು ಅಣ್ಣತಮ್ಮಂದಿರು, ನಾಳೆ ಯಾರ ಹೆಂಡತಿ ಊಟ ತರುತ್ತಾಳೋ ಅವಳನ್ನು ಗೋಡೆಯಲ್ಲಿಟ್ಟು ಕಟ್ಟೋಣ ಅಂತ ಮಾತಾಡಿಕೊಳ್ಳುತ್ತಾರೆ. ಇಬ್ಬರು ಗುಟ್ಟಾಗಿ ಹೆಂಡತಿಯರಿಗೆ ಹೇಳಿಬಿಡುತ್ತಾರೆ. ಕಿರಿಯವನು ಹೇಳುವುದಿಲ್ಲ. ಅಲ್ಲೂ ಹೋಗುವವಳು ಕಿರಿಸೊಸೆಯೇ. ಹಸುಗೂಸಿಗೆ ಹಾಲು ಕೊಡಲು ಒಂದು ಕಿಂಡಿ ಬಿಡಿ ಅಂತ ಬೇಡಿಕೊಳ್ಳುತ್ತಾಳೆ. ರೊಮೇನಿಯಾದಲ್ಲಿ, ಗ್ರೀಸಿನ ಆರ್ಟಾ ಸೇತುವೆಯ ಹಾಡಿನಲ್ಲಿ ಕೂಡ ಇಂಥದ್ದೇ ಕಥೆ ಇದೆ.

ಆದರೆ ಆ ಹೆಂಡತಿ ಗೊತ್ತಿಲ್ಲದೆ ಬಂದು ಸಿಕ್ಕಿಬೀಳುತ್ತಾಳೆ. ಭಾಗೀರಥಿಗೆ ಗೊತ್ತಿದೆ. ನಮ್ಮ ಹಾಡಿನ ಎದೆ ಇರುವುದು ಇಲ್ಲಿ. ಗೊತ್ತಿದ್ದೂ ತವರಿಗೆ ಹೋಗುತ್ತಾಳೆ. ಯಾಕೆ ಕಣ್ಣೀರು ಅಂತ ಅಪ್ಪ ಕೇಳುತ್ತಾನೆ. ಅತ್ತೆಮಾವ ಬೇರೆ ಇಡುತ್ತಾರಂತೆ ಅಂತ ಸುಳ್ಳು ಹೇಳುತ್ತಾಳೆ. ಅಷ್ಟೇನಾ, ಇಟ್ಟರೆ ಇಡಲಿ, ಹೊಲಮನೆ ಕೊಡಿಸುತ್ತೇನೆ ಅನ್ನುತ್ತಾನೆ ಅಪ್ಪ. ಅಪ್ಪನಿಗೂ ಅಮ್ಮನಿಗೂ ಹೇಳಲಾಗದ್ದನ್ನು ಗೆಳತಿಗೆ ಹೇಳುತ್ತಾಳೆ. ಗೆಳತಿಯ ಉತ್ತರ ಏನು ಗೊತ್ತಾ? ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ಇರಬೇಕು. ಈ ಸಾಲಿಗೆ ಬಂದಾಗಲೆಲ್ಲ ನನಗೆ ಮುಂದೆ ಓದಲು ಆಗುವುದಿಲ್ಲ. ಕೆರೆ ತುಂಬುವುದು ಆಮೇಲೆ. ಗಂಗಮ್ಮನ ಪೂಜೆ ಮುಗಿಸಿ ಎಲ್ಲರೂ ಹೊರಟಾಗ, ಬೇಕೆಂದೇ ಬಿಟ್ಟುಬಂದ ಚಿನ್ನದ ಬಟ್ಟಲು ತರಲು ಅವಳನ್ನು ಕಳಿಸುತ್ತಾರೆ. ಒಂದೊಂದು ಮೆಟ್ಟಿಲಿಗೂ ನೀರು ಏರುತ್ತದೆ. ಪಾದ, ಮೊಣಕಾಲು, ನಡು. ಇದನ್ನು ‘ತ್ಯಾಗ’ ಅಂತ ಪರೀಕ್ಷೆಗೆ ಬರೆಸುತ್ತಾರೆ. ಹಾಡಿದ ಹೆಂಗಸರು ತ್ಯಾಗ ಅಂತ ಹಾಡಿದ್ದಾ, ಕೊಲೆ ಅಂತ ಹಾಡಿದ್ದಾ? ಬೇಕೆಂದೇ ಬಿಟ್ಟ ಆ ಬಟ್ಟಲನ್ನು ಹಾಡಿನಲ್ಲಿ ಇಟ್ಟವರು ಅವರೇ. ನನಗಂತೂ ಅದೇ ಸಾಕ್ಷಿ.

ಹಾಗಂತ ನಮ್ಮ ಕಡೆ ಹೆಣ್ಣು ಅಂದರೆ ಸಹಿಸುವವಳು ಅಂತ ಮೂಲರೂಪ ಬರೆದಿಟ್ಟುಕೊಳ್ಳಬೇಡಿ. ಕರಾವಳಿಗೆ ಹೋದರೆ ತುಳುವಿನ ಜನಪದ ಕಾವ್ಯದ ನಾಯಕಿ ಸಿರಿ ಇದ್ದಾಳೆ. ಬಸುರಿ ಬಯಕೆಗೆ ಗಂಡ ತಂದ ಸೀರೆಯನ್ನು ಮೊದಲು ಇನ್ನೊಬ್ಬಳು ಉಟ್ಟಿದ್ದಾಳೆ ಅಂತ ಗೊತ್ತಾದಾಗ ಅವಳು ಅದನ್ನು ನುಂಗಿಕೊಳ್ಳುವುದಿಲ್ಲ. ಕೊನೆಗೆ ಗಂಡನಿಗೆ ಬರ್ಲ, ಅಂದರೆ ವಿಚ್ಛೇದನದ ಸೋಡಚೀಟಿ ಕೊಟ್ಟು ಹೊರಡುತ್ತಾಳೆ, ಮುಂದೆ ಬೇರೆ ಮದುವೆಯೂ ಆಗುತ್ತಾಳೆ. 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ತಂಡ ಗೋಪಾಲ ನಾಯ್ಕ ಅನ್ನುವ ಹಾಡುಗಾರರಿಂದ ಈ ಕಾವ್ಯವನ್ನು ಪೂರ್ತಿ ಧ್ವನಿಮುದ್ರಿಸಿತು. ಬರೆದಾಗ 15,683 ಸಾಲು ಆಯಿತು. ಎಲ್ಲವೂ ಒಬ್ಬ ಮನುಷ್ಯನ ನೆನಪಿನಲ್ಲಿತ್ತು.

ರಾಕ್ಷಸನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಳು ಸಮುದ್ರದಾಚೆ ಗಿಳಿ, ಗಿಳಿಯಲ್ಲಿ ಅವನ ಜೀವ. ರಷ್ಯಾದಲ್ಲಿ ಅದು ಮೊಟ್ಟೆಯೊಳಗಿನ ಸೂಜಿಯ ತುದಿಯಲ್ಲಿರುತ್ತದೆ. ನರಿ ಕೂಡ ಹಾಗೇ, ಮೈಯಲ್ಲಿ ಬಲವಿಲ್ಲದವರ ತಲೆಯ ಬಲ. ಕಾಗಕ್ಕನ ಸಗಣಿ ಮನೆ, ಗುಬ್ಬಕ್ಕನ ಕಲ್ಲಿನ ಮನೆ ನಿಮಗೆ ಗೊತ್ತೇ ಇದೆ. ಇವೆಲ್ಲ ನಿಜವಾಗಿಯೂ ಎಲ್ಲ ಕಡೆ ಸುಮಾರು ಒಂದೇ ತರ.

ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಮನೆಯೊಳಗೆ ಹೇಳುವ ಕಥೆಗಳಲ್ಲಿ ಹೆಸರುಗಳು ಕಡಿಮೆ. ಒಬ್ಬ ರಾಜ, ಒಬ್ಬಳು ಮುದುಕಿ, ಒಂದೂರು. ಹಂಚಿ ಅನ್ನುವುದು ಕೂಡ ಹೆಸರಲ್ಲ, ಮುಖವಾಡದ ಗುರುತು. ಕಥೆ ಅಂಗಳ ದಾಟಿ ಊರ ಮುಂದೆ ಬಂದಾಗ ಹೆಸರು ಬರುತ್ತದೆ, ಊರು ಬರುತ್ತದೆ, ವಾದ್ಯ ಬರುತ್ತದೆ. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರ, ನೀಲಗಾರರು ಹಾಡುವ ಮಂಟೇಸ್ವಾಮಿ, ಕಾಡುಗೊಲ್ಲರ ಜುಂಜಪ್ಪ, ಇವರ ಬೆಟ್ಟ, ಗುಡಿ, ಜಾತ್ರೆ ಎಲ್ಲ ಕಣ್ಣಮುಂದೆ ಇವೆ. ಅಲ್ಲಿ ಕಥೆ ಒಂದು ಸಮುದಾಯದ ಗುರುತು. ಹಂಚಿ ಹಾಗಲ್ಲ. ಅವಳು ಯಾರ ಮನೆಯವಳೂ ಆಗಬಹುದು, ಅದಕ್ಕೇ ಅವಳಿಗೆ ಊರಿಲ್ಲ.

ನನ್ನದೊಂದು ತಪ್ಪು ಹೇಳಬೇಕು, ನಿಮಗೆ ಉಪಯೋಗಕ್ಕೆ ಬರುತ್ತದೆ. ಕಥೆ ಸಂಗ್ರಹಕ್ಕೆ ಓಡಾಡಲು ಶುರುಮಾಡಿದ ಮೊದಲ ವರ್ಷಗಳಲ್ಲಿ ಟೇಪ್ ಕೇಳಿಕೊಂಡು ಬರೆಯುವಾಗ ‘ಕಥೆ’ ಅಲ್ಲದ್ದನ್ನೆಲ್ಲ ಬಿಟ್ಟುಬಿಡುತ್ತಿದ್ದೆ. ಕೆಮ್ಮು, ಮಧ್ಯೆ ಸೊಸೆಗೆ ಹೇಳಿದ ಮಾತು, ಮಕ್ಕಳ ‘ಹ್ಞೂಂ’. ಕಡೂರು ಕಡೆಯ ಒಬ್ಬ ಅಜ್ಜಿಯಿಂದ ಸವತಿಯ ಕಥೆಯೊಂದನ್ನು ಎರಡು ಸಲ ಬರೆದುಕೊಂಡಿದ್ದೆ. ಒಂದರಲ್ಲಿ ಹಿರಿಹೆಂಡತಿ ಕೆಟ್ಟವಳು, ಇನ್ನೊಂದರಲ್ಲಿ ಗಂಡನೇ ಕೆಟ್ಟವನು. ಅಜ್ಜಿಗೆ ಮರೆವು ಅಂದುಕೊಂಡು ಒಂದನ್ನು ಬದಿಗಿಟ್ಟೆ. ವರ್ಷಗಳಾದ ಮೇಲೆ ಟೇಪು ಮತ್ತೆ ಕೇಳಿದಾಗ ಗೊತ್ತಾಯಿತು, ಮೊದಲ ಸಲ ಮನೆಯ ಗಂಡಸರು ಜಗುಲಿಯಲ್ಲಿ ಕೂತು ಮಾತಾಡುತ್ತಿದ್ದಾರೆ. ಎರಡನೇ ಸಲ ಬರೀ ಹೆಂಗಸರು, ಅಕ್ಕಿ ಆರಿಸುವ ಸದ್ದು. ಅವಳಿಗೆ ಮರೆವಿರಲಿಲ್ಲ, ಎದುರಿಗೆ ಯಾರಿದ್ದಾರೆ ಅಂತ ನೋಡಿ ಹೇಳಿದ್ದಳು. ನಾನು ಬಿಟ್ಟ ಕೆಮ್ಮು, ಮಾತುಗಳಲ್ಲೇ ಕಥೆಯ ಅರ್ಥ ಇತ್ತು. ಅಷ್ಟು ಹೊತ್ತಿಗೆ ಆಕೆ ತೀರಿಕೊಂಡಿದ್ದರು, ಕೇಳಲು ಯಾರೂ ಉಳಿದಿರಲಿಲ್ಲ.

ಆ ‘ಹ್ಞೂಂ’ ಕೂಡ ಸಣ್ಣದಲ್ಲ. ಯಾರಾದರೂ ಹ್ಞೂಂಗುಟ್ಟುತ್ತಿರಬೇಕು, ನಿಂತರೆ ಕಥೆಯೂ ನಿಲ್ಲುತ್ತದೆ. ಕನ್ನಡದಲ್ಲಿ ಒಂದು ಕಥೆಯೇ ಇದೆ, ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಅವಳು ಬಾಯಿ ತೆರೆದು ಮಲಗಿದ್ದಾಗ ಅವು ಹೊರಗೆ ಬಂದು, ಒಂದು ಗಂಡಸಿನ ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು, ಒಂದು ಕೋಟಾಗಿ ಗೂಟಕ್ಕೆ ನೇತುಹಾಕಿಕೊಂಡಿತು. ಗಂಡ ಬಂದು ಇವು ಯಾರವು ಅಂತ ಜಗಳ ತೆಗೆದ. ಹೇಳದೆ ಇಟ್ಟುಕೊಂಡ ಕಥೆಗೆ ಉಸಿರು ಕಟ್ಟುತ್ತದೆ ಅನ್ನುವುದನ್ನು ಕಥೆಯಾಗಿಯೇ ಹೇಳಿದ್ದಾರೆ.

ಈಗ ನಿಮ್ಮ ಮಗಳು. ಎಂಟು ವರ್ಷದವಳಿಗೆ ಹಂಚಿ ಹೇಳಬಹುದು, ಹೇಳಿ. ಹುಚ್ಚುನಾಯಿಯ ಭಾಗ ಬಿಡಬೇಡಿ. ಮಕ್ಕಳಿಗೆ ಕೇಡಿಯ ಗತಿ ಏನಾಯಿತು ಅಂತ ಗೊತ್ತಾಗಲೇಬೇಕು, ಇಲ್ಲದಿದ್ದರೆ ಅವನು ರಾತ್ರಿ ಮಂಚದ ಕೆಳಗೆ ಉಳಿದುಬಿಡುತ್ತಾನೆ. ತಾಯಿ ಸಾಯುವುದನ್ನು ಈಗ ಹೇಳಬೇಕಾಗಿಲ್ಲ. ಅಣ್ಣನ ವಿಷಯ ಹೇಗೆ ಹೇಳುವುದು ಅಂತ ನಿಮಗೆ ಮುಜುಗರ ಆಗಬಹುದು. ಅದನ್ನು ಪೂರ್ತಿ ಅಳಿಸಿ ‘ಬಡತನದಿಂದ ಮನೆ ಬಿಟ್ಟಳು’ ಅಂತ ಮಾಡಬೇಡಿ, ಅಷ್ಟು ಮಾತ್ರ ಕೇಳಿಕೊಳ್ಳುತ್ತೇನೆ. ಮನೆಯಲ್ಲೇ ಒಬ್ಬ ಅವಳ ಜೊತೆ ಕೆಟ್ಟದಾಗಿ ನಡೆದುಕೊಳ್ಳಲು ನೋಡಿದ, ಅಮ್ಮ ಮಗಳ ಪರ ನಿಂತು ಅವಳನ್ನು ಕಾಪಾಡಿದಳು, ಇಷ್ಟು ಸಾಕು. ಮಗಳು ಏನಾದರೂ ಕೇಳಿದರೆ ಕೇಳಿದಷ್ಟಕ್ಕೆ ಉತ್ತರ ಕೊಡಿ. ದೊಡ್ಡವಳಾದಂತೆ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತಾಳೆ, ನೀವೂ ಹಾಗೇ ತಾನೇ ಇಷ್ಟು ವರ್ಷ ಆದ ಮೇಲೆ ಮರಳಿ ಕೇಳುತ್ತಿರುವುದು. ಕೊನೆಗೆ ‘ಅವರು ಅಲ್ಲಿ, ನಾವು ಇಲ್ಲಿ’ ಅಂತ ಹೇಳುವುದನ್ನು ಮರೆಯಬೇಡಿ. ಕಥೆಯ ಬಾಗಿಲು ಹಾಕಿಕೊಳ್ಳುವ ಮಾತು ಅದು, ನಿದ್ದೆಗೂ ಒಳ್ಳೆಯದು.

ನಿಮ್ಮಜ್ಜಿ ಇದ್ದಾರಾ ಅಂತ ನೀವು ಬರೆದಿಲ್ಲ. ಇದ್ದರೆ ಈ ಭಾನುವಾರವೇ ಫೋನ್ ಮಾಡಿ, ರೆಕಾರ್ಡ್ ಹಾಕುತ್ತೀನಿ ಅಂತ ಅವರಿಗೆ ಹೇಳಿಯೇ ಹಾಕಿ, ಮಗಳನ್ನು ಪಕ್ಕದಲ್ಲಿ ಕೂರಿಸಿ ಹ್ಞೂಂ ಅನ್ನಿಸಿ. ಈ ಕಥೆ ನಿಮಗೆ ಯಾರು ಹೇಳಿದರು, ಆಗ ನೀವು ಏನು ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿ. ಅವರು ಇಲ್ಲದಿದ್ದರೆ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಯಾರಿಗಾದರೂ ನೆನಪಿರುತ್ತದೆ. ನೆನಪಿದ್ದಷ್ಟನ್ನು ನನಗೂ ಬರೆದು ಕಳಿಸಿ. ಊಟಕ್ಕೆ ಬಂದ ಗಂಡನ ಎಲೆಗೆ ನಿಮ್ಮಜ್ಜಿಯ ಹಂಚಿ ಬಡಿಸಿದ ಸಿಹಿ ಯಾವುದು, ಹೋಳಿಗೆಯಾ, ಹುಗ್ಗಿಯಾ, ಕಡುಬಾ? ದಾವಣಗೆರೆ ಕಡೆಯ ಹಂಚಿ ಏನು ಮಾಡಿದಳು ಅಂತ ನನಗೆ ತಿಳಿಯಬೇಕು.